ಹಣೆಯ ಮೇಲಿನ ವರಹ

ನಮ್ಮ ಕಡೆ ಹೆಣವನ್ನು ಮಲಗಿಸಿದ ಮೇಲೆ ಅದರ ಹಣೆಗೆ ಅರಿಸಿನ ಮೆತ್ತಿ ಒಂದು ಕಾಸು ಅಂಟಿಸುತ್ತಾರೆ. ಮಣ್ಣು ಎಳೆಯುವ ಹೊತ್ತಿಗೆ ಆ ಕಾಸು ಗುಂಡಿ ತೋಡಿದವನದು. ಯಾರೂ ಎತ್ತಿ ಕೊಡುವುದಿಲ್ಲ. ಅವನೇ ಬಗ್ಗಿ ಕಿತ್ತುಕೊಳ್ಳಬೇಕು. ನಮ್ಮಪ್ಪ ಗುಂಡಿ ತೋಡುವವನು. ನನ್ನ ನಾಣ್ಯ ಸಂಗ್ರಹ ಶುರುವಾದದ್ದು ಅಲ್ಲಿಂದ. ಬೇರೆ ಸಂಗ್ರಹಕಾರರು ಹರಾಜಿನಲ್ಲಿ ಕೊಳ್ಳುತ್ತಾರೆ, ಇಲ್ಲವೇ ತಾತನ ಪೆಟ್ಟಿಗೆ ತೆರೆಯುತ್ತಾರೆ. ನನ್ನವು ಸತ್ತವರ ಹಣೆಯಿಂದ ಬಂದವು. ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವಳು ನಾನು, ಹತ್ತಿದ್ದೂ ಆ ಗುಂಡಿಗಳ ಮೇಲೇ.

ಈಗ ಎಲ್ಲರೂ ಒಂದು ರೂಪಾಯಿಯ ಸ್ಟೀಲ್ ಬಿಲ್ಲೆ ಅಂಟಿಸಿ ಮುಗಿಸುತ್ತಾರೆ. ನಾನು ಚಿಕ್ಕವಳಿದ್ದಾಗ ಹಳೇ ಮನೆಗಳಲ್ಲಿ ಇನ್ನೂ ರಾಣಿ ತಲೆಯ ಬೆಳ್ಳಿ ರೂಪಾಯಿ ಇರುತ್ತಿತ್ತು. ಅಂಥವು ಒಂದಷ್ಟು ನಮ್ಮ ಮನೆಗೆ ಬಂದವು. ದೊಡ್ಡಮನೆಯವರದು ಮಾತ್ರ ಬೇರೆ ಠೀವಿ. ಅವರ ಮನೆಯ ಹೆಣಕ್ಕೆ ಚಿನ್ನದ ವರಹ. ಕಿರುಬೆರಳ ಉಗುರಿನಷ್ಟು ಅಗಲ, ಮೇಲೆ ಶಿವ ಪಾರ್ವತಿ ಕೂತಿರುವ ಹಳೆಯ ಮೈಸೂರು ವರಹ. ನೆಂಟರೆಲ್ಲ ನೋಡಲಿ ಅಂತ ಅದನ್ನು ಅಂಟಿಸುವುದು, ಗುಂಡಿಯ ಹತ್ತಿರ ಬಂದಾಗ ತೋಡಿದವನ ಕೈಗೆ ಒಂದು ಬೆಳ್ಳಿ ರೂಪಾಯಿ ಇಟ್ಟು ವರಹ ವಾಪಸ್ ತೆಗೆದುಕೊಳ್ಳುವುದು. ಇದು ಅವರ ಪದ್ಧತಿ. ನಮ್ಮ ತಾತನ ಕಾಲದಿಂದಲೂ ಹಾಗೇ ನಡೆದಿತ್ತು.

ಆ ಮನೆಯ ಅಜ್ಜಿ ಸತ್ತಾಗ ನಾನು ಐದನೇ ಕ್ಲಾಸು. ಹೊಸೂರಿನ ಹತ್ತಿರದ ಸಾನಮಾವು ಕಾಡಿನ ಅಂಚಿನಲ್ಲಿ ಅವರದೇ ಹೊಲದಲ್ಲಿ ಗುಂಡಿ. ಬೆಳಿಗ್ಗೆ ಆನೆ ಹಿಂಡು ಅಲ್ಲೇ ರಾಗಿ ಹೊಲದಲ್ಲಿ ನಿಂತಿದ್ದರಿಂದ, ಪಟಾಕಿ ಹೊಡೆದು ಓಡಿಸುವ ತನಕ ಅಪ್ಪ ಗುದ್ದಲಿ ಹಾಕಿರಲಿಲ್ಲ. ಕೆಲಸ ತಡವಾಯಿತು. ನಾನು ಅಪ್ಪನಿಗೆ ಮುದ್ದೆ ತೆಗೆದುಕೊಂಡು ಹೋದವಳು ಹುಣಸೇಮರದ ಹಿಂದೆ ನಿಂತಿದ್ದೆ. ಹೆಣ ಇಳಿಸಿದರು. ನೆಂಟರು ಒಂದೊಂದು ಹಿಡಿ ಮಣ್ಣು ಹಾಕಿ ಹೊರಟರು. ಅಪ್ಪ ಗುಂಡಿಗೆ ಇಳಿದು ಕಾಸು ಕಿತ್ತುಕೊಂಡು ಮೇಲೆ ಬಂದ. ಮನೆಯ ಗಂಡಸರು ನಾಲ್ಕು ಜನ ಉಳಿದಿದ್ದರು.

"ವರಹ ಈ ಕಡೆ ಕೊಡ್ಲಾ" ಅಂದರು.

"ಬದ್ಲಿ ಕಾಸು ಕೊಡಿ ಸ್ವಾಮಿ, ಕೊಡ್ತೀನಿ" ಅಂದ ಅಪ್ಪ.

ಅವರು ಬೆಳ್ಳಿ ರೂಪಾಯಿ ತಂದಿರಲಿಲ್ಲ. ಯಾರೋ ಮರೆತಿದ್ದರು, ಇಲ್ಲವೇ ತರುವುದೇ ಬೇಡ ಅಂದುಕೊಂಡಿದ್ದರು. ಒಬ್ಬ ಹತ್ತು ರೂಪಾಯಿ ನೋಟು ಎಸೆದ. "ಹೋಗ್ ಕುಡ್ಕೊ" ಅಂದ.

"ನೋಟ್ನ ಹಣೆಗೆ ಅಂಟಿಸ್ತಾರಾ ಸ್ವಾಮಿ? ಬೆಳ್ಳೀದು ತನ್ನಿ. ಮನೆಗೋಗಿ ತನ್ನಿ, ಕೂತಿರ್ತೀನಿ."

ಗುದ್ದಲಿಯ ಕಾವು ಅಪ್ಪನ ಬೆನ್ನಿಗೆ ಬಿತ್ತು. ಒದ್ದೆ ಬಟ್ಟೆಯನ್ನು ಕಲ್ಲಿಗೆ ಒಗೆದಂಥ ಸದ್ದು. ಎರಡನೆಯ ಏಟಿಗೆ ಅಪ್ಪ ಮಂಡಿಯೂರಿದ. ಅವನ ಮುಷ್ಟಿ ಬಿಡಿಸಲು ಬೆರಳುಗಳನ್ನು ಹಿಂದಕ್ಕೆ ಮಡಿಸಿದರು. ಬಿಡಿಸಿದಾಗ ಮುಷ್ಟಿ ಖಾಲಿ. ಕಾಸು ಆಗಲೇ ಬಾಯಿಗೆ ಹೋಗಿತ್ತು. ಆಮೇಲೆ ಬಾಯಿ. ಆ ಮನೆಯ ಕಿರಿಯ ಮಗ, ಆಗಷ್ಟೇ ಮೀಸೆ ಬರುತ್ತಿದ್ದವನು, ಚಪ್ಪಲಿ ಕಾಲಲ್ಲಿ ಅಪ್ಪನ ಎಡದವಡೆಗೆ ಒದ್ದ. ಮತ್ತೆ ಅದೇ ಜಾಗಕ್ಕೆ ಒದ್ದ. ಒಬ್ಬ ಹಲ್ಲಿನ ನಡುವೆ ಹೊಂಗೆ ಕಡ್ಡಿ ತೂರಿಸಿ ಮೀಟಿದ. ಅಪ್ಪನ ಗಲ್ಲದಿಂದ ರಕ್ತ ಇಳಿದು ಎದೆಯ ಕೂದಲಿಗೆ ಅಂಟಿತು. ಬಾಯಿ ಮಾತ್ರ ತೆರೆಯಲಿಲ್ಲ.

ಅವರು ನಿಲ್ಲಿಸಿದ್ದು ಕನಿಕರಕ್ಕಲ್ಲ. ಅಜ್ಜಿ ಗುಂಡಿಯಲ್ಲಿ ಮುಖ ಬಿಟ್ಟುಕೊಂಡು ಮಲಗಿದ್ದಳು, ಹೊತ್ತು ಇಳಿಯುತ್ತಿತ್ತು, ಮಣ್ಣು ಎಳೆಯಬೇಕಿತ್ತು. ಆ ನಾಲ್ವರಲ್ಲಿ ಒಬ್ಬನೂ ಸನಿಕೆ ಮುಟ್ಟುವವನಲ್ಲ. ಅಪ್ಪನನ್ನು ಇನ್ನೂ ಹೊಡೆದಿದ್ದರೆ ಹೂಳುವವರೇ ಇರುತ್ತಿರಲಿಲ್ಲ. ಹಿರಿಯವನು "ಸಾಕು ಬುಡ್ರೋ, ಅವ್ವ ಹಂಗೇ ಬಿದ್ದವ್ಳೆ" ಅಂದ. ಅಪ್ಪ ಎದ್ದು, ಬಾಯಲ್ಲಿ ಕಾಸು ಕಚ್ಚಿಕೊಂಡೇ, ಆ ಗುಂಡಿ ಪೂರ್ತಿ ಮುಚ್ಚಿದ. ಅವರು ನಿಂತು ನೋಡಿದರು. ನಾನೂ ನೋಡಿದೆ. ಮನೆಗೆ ಬಂದು ಅವ್ವನ ಅಂಗೈಗೆ ಉಗುಳಿದಾಗ ವರಹದ ಜೊತೆ ಎರಡು ಹಲ್ಲು ಬಂದವು.

ದೊಡ್ಡಮನೆಯವರು ಮತ್ತೆ ಕೇಳಲು ಬರಲಿಲ್ಲ. ಕಾಸಿಗಾಗಿ ಗುಂಡಿ ತೋಡುವವನ ಗುಡಿಸಲ ಬಾಗಿಲಿಗೆ ಬರುವುದು ಅವರಿಗೆ ಏಟಿಗಿಂತ ದೊಡ್ಡ ಅವಮಾನ. ಊರಲ್ಲಿ ಮಾತ್ರ "ಕಳ್ಳ" ಅಂತ ಹಬ್ಬಿಸಿದರು. ಸ್ಕೂಲಲ್ಲಿ ಆ ಕಡೆಯ ಹುಡುಗರು ನನ್ನನ್ನು ಬೆಂಚಿನ ಮೇಲೆ ಅಂಗಾತ ಕೆಡವಿ, ಹಣೆಗೆ ಎಂಟಾಣೆ ಒತ್ತಿ ಹಿಡಿದು, "ನಿಮ್ಮಪ್ಪಂಗೆ ಹೇಳಮ್ಮೀ, ಬಂದು ಕದ್ಕೊಂಡೋಗ್ಲಿ" ಅಂದರು. ಕೈವಾರದ ಮುಳ್ಳನ್ನು ಒಬ್ಬನ ತೊಡೆಗೆ ಚುಚ್ಚಿದೆ. ಹೆಡ್‌ಮಾಸ್ಟರು ನನಗೆ ಮಾತ್ರ ಬೆತ್ತದಲ್ಲಿ ಹೊಡೆದರು. ಆ ವರ್ಷ ಗಣಿತದಲ್ಲಿ ನಾನೇ ಮೊದಲು. ಹತ್ತನೇ ಕ್ಲಾಸಿನಲ್ಲೂ ನಾನೇ ಮೊದಲು. ಆಮೇಲೆ ಸರ್ಕಾರಿ ಕಾಲೇಜು, ಭೌತಶಾಸ್ತ್ರ, ಈಗ ಹೊಸೂರಿನ ಒಂದು ಬಿಡಿಭಾಗದ ಫ್ಯಾಕ್ಟರಿಯಲ್ಲಿ ಇನ್‌ಸ್ಪೆಕ್ಷನ್. ಮೈಕ್ರೋಸ್ಕೋಪಿನ ಕೆಳಗೆ ಗೀರು ಕಂಡರೆ ಆ ತುಂಡನ್ನು ಕೆಂಪು ಟ್ರೇಗೆ ಹಾಕುವುದು ನನ್ನ ಕೆಲಸ.

ಅಲ್ಲಿಯೇ ನಾಣ್ಯದ ಹುಚ್ಚಿನವರ ಪರಿಚಯವಾದದ್ದು. ನಾಣ್ಯಕ್ಕೂ ಪರೀಕ್ಷಕರಿದ್ದಾರೆ ಅಂತ ಅವರು ಹೇಳಿದರು: ಕಳಿಸಿದರೆ ಅಸಲಿಯೋ ನಕಲಿಯೋ ನೋಡಿ, ಎಪ್ಪತ್ತಕ್ಕೆ ಇಷ್ಟು ಅಂತ ಅಂಕ ಹಾಕಿ, ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಮಾಡಿ ಕೊಡುತ್ತಾರೆ. ಮನೆಯ ಬೆಳ್ಳಿ ರೂಪಾಯಿಗಳನ್ನೂ ವರಹವನ್ನೂ ಬೆಂಗಳೂರಿನ ಒಬ್ಬ ವ್ಯಾಪಾರಿಯ ಮೂಲಕ ಕಳಿಸಿದೆ.

ಬೆಳ್ಳಿಯವು ಒಂದೂ ಪಾಸಾಗಲಿಲ್ಲ. ಲೇಬಲ್ಲಿನ ಮೇಲೆ "ಉಜ್ಜಿದ್ದು, ಅಂಕವಿಲ್ಲ" ಅಂತ ಇತ್ತು. ವ್ಯಾಪಾರಿ ಫೋನಿನಲ್ಲಿ ಕಿರುಚಿದ: "ಏನ್ ಮೇಡಂ, ಪಾತ್ರೆ ತೊಳ್ದಂಗೆ ತೊಳ್ದವ್ರೆ ಯಾರೋ!" ತೊಳೆದದ್ದು ನಮ್ಮವ್ವ. ಗುಂಡಿಯ ಹತ್ತಿರದಿಂದ ಬಂದ ಯಾವುದನ್ನೂ ಹಾಗೇ ಒಳಗೆ ಬಿಡುವವಳಲ್ಲ. ಹುಣಸೇಹಣ್ಣು, ಬೂದಿ, ತೆಂಗಿನ ನಾರು ಹಾಕಿ, ಮೈಲಿಗೆ ಹೋಗಲಿ ಅಂತ, ರಾಣಿಯ ಮೂಗು ಸವೆಯುವ ಹಾಗೆ ತಿಕ್ಕಿದ್ದಳು. ವರಹವನ್ನು ಅಪ್ಪ ಅವಳ ಕೈಗೆ ಕೊಟ್ಟಿರಲಿಲ್ಲ. ಅದರ ಮೈ ಚೆನ್ನಾಗಿತ್ತು, ಅಸಲಿ ಅಂತ ಬಂತು. ಆದರೂ ಅಂಕವಿಲ್ಲ. "ಅಂಚಿಗೆ ಪೆಟ್ಟು" ಅಂತ ಬರೆದಿದ್ದರು. ಲೆನ್ಸ್ ಇಟ್ಟು ನೋಡಿದೆ. ಅಂಚಿನಲ್ಲಿ ಎರಡು ಪುಟ್ಟ ತಗ್ಗು, ಪಕ್ಕಪಕ್ಕದಲ್ಲಿ. ಒದೆತಕ್ಕೆ ಮುರಿಯುವ ಮುಂಚೆ ಅಪ್ಪನ ಹಲ್ಲು ಚಿನ್ನದೊಳಗೆ ಇಳಿದಿದ್ದವು. ದಿನವೂ ಪೆಟ್ಟು ಬಿದ್ದ ತುಂಡುಗಳನ್ನು ಕೆಂಪು ಟ್ರೇಗೆ ಹಾಕುವ ನಾನು ಆ ಡಬ್ಬಿಯನ್ನು ಎದೆಗೆ ಅವುಚಿಕೊಂಡು ಕೂತೆ. ಅಪ್ಪನಿಗೆ ತೋರಿಸಿದರೆ, "ಫೇಲಾ?" ಅಂತ ಕೇಳಿದ. "ಇಲ್ಲ, ನಿನ್ ಗುರ್ತು ಹಾಕಿ ಕೊಟ್ಟವ್ರೆ" ಅಂದೆ.

ಹೋದ ವರ್ಷ ಹೊಸೂರಿನ ಒಂದು ಕಲ್ಯಾಣ ಮಂಟಪದಲ್ಲಿ ನಾಣ್ಯ ಪ್ರದರ್ಶನ. ನಾನೂ ಒಂದು ಮೇಜು ತೆಗೆದುಕೊಂಡೆ. ಎಲ್ಲರೂ ತಮ್ಮ ನಾಣ್ಯದ ಮುಂದೆ "ಖಾಸಗಿ ಸಂಗ್ರಹ" ಅಂತ ಚೀಟಿ ಇಟ್ಟಿದ್ದರು. ನಾನು ತಮಿಳಿನಲ್ಲೂ ಕನ್ನಡದಲ್ಲೂ ಇದ್ದದ್ದು ಬರೆದೆ: ಹಳೆಯ ಮೈಸೂರು ವರಹ, ಗುಂಡಿ ತೋಡುವ ನಮ್ಮಪ್ಪನಿಗೆ ದೊಡ್ಡಮನೆಯ ಅಜ್ಜಿಯ ಹಣೆಕಾಸಾಗಿ ಬಂದದ್ದು. ಊರಿನ ಹೆಸರನ್ನೂ ಹಾಕಿದೆ. ಹೊಡೆತದ ಬಗ್ಗೆ ಬರೆಯಲಿಲ್ಲ. ಅದು ಅಪ್ಪ ಹೇಳಬೇಕಾದದ್ದು, ಅವನು ಎಂದೂ ಹೇಳಿದವನಲ್ಲ. ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ಅಪ್ಪ ನನ್ನ ಪಕ್ಕ ಕುರ್ಚಿಯಲ್ಲಿ ಕೂತಿದ್ದ.

ಯಾರೋ ಫೋಟೋ ತೆಗೆದು ಕಳಿಸಿರಬೇಕು. ಮಧ್ಯಾಹ್ನದ ಹೊತ್ತಿಗೆ ದೊಡ್ಡಮನೆಯ ಆ ಕಿರಿಯ ಮಗ ಬಂದ. ಈಗ ಸೂಳಗಿರಿ ಹತ್ತಿರ ಗ್ರಾನೈಟ್ ಯಾರ್ಡು, ಬೆರಳಿಗೆಲ್ಲ ಉಂಗುರ, ಹಿಂದೆ ಇಬ್ಬರು ಆಳು. ಚೀಟಿ ಓದಿದ. ಎಲ್ಲರಿಗೂ ಕೇಳುವ ಹಾಗೆ ಮಾತಾಡಿದ.

"ಯಾರ್ದಮ್ಮೀ ಈ ಕಾಸು?"

"ನಮ್ಮಪ್ಪಂದು. ಬರ್ದೈತಲ್ಲ."

"ನಿಮ್ಮಪ್ಪಂಗೆ ವರಹ ಎಲ್ಲಿಂದ ಬತ್ತದೆ? ಇದು ನಮ್ಮ ದೇವರ ಪೆಟ್ಗೇಲಿ ಇದ್ದಿದ್ದು. ಕದ್ದವ್ನೆ. ಪೊಲೀಸ್ನ ಕರೀಲಾ, ಮರ್ವಾದೆಯಿಂದ ಕೊಡ್ತೀಯಾ?"

ಅಪ್ಪನ ಮುಖ ಕಪ್ಪಿಟ್ಟಿತು. ಕಾಸು ಹೋದರೆ ಹೋಗಲಿ ಅನ್ನುವ ಮುಖವಲ್ಲ ಅದು. ಇಷ್ಟು ಜನರ ಮುಂದೆ, ಇಸ್ತ್ರಿ ಶರ್ಟಿನಲ್ಲಿ, ಮತ್ತೆ ಕಳ್ಳ ಅನ್ನಿಸಿಕೊಂಡ ಮುಖ. ನನಗೆ ತಡೆಯಲಾಗಲಿಲ್ಲ.

"ಜಗಲಿ ಹತ್ತಕ್ಕೇ ಬುಡ್ದೋರು ನೀವು. ದೇವರ ಪೆಟ್ಗೆ ತಾವ್ಕೆ ನಮ್ಮಪ್ಪನ್ನ ಹೆಂಗೆ ಬುಟ್ರಿ?"

ಪಕ್ಕದ ಮೇಜಿನವರು ನಕ್ಕುಬಿಟ್ಟರು. ಆ ನಗು ಮುಗಿಯುವ ಮೊದಲೇ ಅವನ ಅಂಗೈ ನನ್ನ ಕೆನ್ನೆಗೆ ಬಿತ್ತು. ಉಂಗುರಕ್ಕೆ ತುಟಿ ಸೀಳಿತು. ಅಪ್ಪ ಎದ್ದು ಅವನ ಕೈ ಹಿಡಿದ. ಅವನು ಅಪ್ಪನ ಶರ್ಟು ಹಿಡಿದು ಮೇಜಿಗೆ ಅಪ್ಪಳಿಸಿದ. ಮೇಜು ಮಗುಚಿತು, ಗಾಜು ಒಡೆಯಿತು, ನಾಣ್ಯಗಳು ನೆಲದ ಮೇಲೆಲ್ಲ ಉರುಳಿದವು. ಬಿದ್ದ ಅಪ್ಪನ ಪಕ್ಕೆಗೆ ಒದೆಯುತ್ತ ಬಾಯಿಗೆ ಬಂದದ್ದು ಕೂಗಿದ:

"ಅವತ್ತೇ ನಿನ್ನೂ ಮುದುಕಿ ಜೊತೆ ಗುಂಡಿಗೆ ತಳ್ಳಿ ಮಣ್ಣು ಎಳೀಬೇಕಿತ್ತು ಕಣ್ಲಾ! ಬಾಯಿ ಬುಡ್ಲಾ ಅಂದ್ರೆ ಬುಟ್ಯಾ ನೀನು? ಎರಡು ಹಲ್ಲು ಉದುರ್ಸಿದ್ರೂ ಬುಡ್ಲಿಲ್ಲ!"

ಪ್ರದರ್ಶನ ಏರ್ಪಡಿಸಿದ್ದವರು ಒಬ್ಬ ನಿವೃತ್ತ ಬ್ಯಾಂಕ್ ಉದ್ಯೋಗಿ, ತಮಿಳಿನವರು, ಕನ್ನಡ ಎಳೆದೆಳೆದು ಆಡುವವರು. ಅವರು ಕನ್ನಡಕ ಸರಿಮಾಡಿಕೊಂಡು ಕೇಳಿದರು: "ಸಾರ್, ಒಂದು ನಿಮಿಷ. ಪೆಟ್ಟಿಗೇಲಿ ಕದ್ದ ಅಂದ್ರಿ. ಈಗ ಗುಂಡಿ ಹತ್ರ ಹೊಡ್ದೆ ಅಂತೀರಿ. ಯಾವುದು ಸಾರ್ ನಿಜ?"

ದೊಡ್ಡಮನೆಯವನ ಕಣ್ಣು ನೆಲದ ಮೇಲೆ ಓಡಿತು. ವರಹದ ಡಬ್ಬಿ ಕಂಡಿತು. ಬೂಟಿನ ಹಿಮ್ಮಡಿಯಿಂದ ತುಳಿದ. ಪ್ಲಾಸ್ಟಿಕ್ ಚಟ್ಟನೆ ಸೀಳಿತು. ಅಪ್ಪ ತೆವಳಿಕೊಂಡು ಹೋಗಿ ಅದರ ಮೇಲೆ ಕೈ ಇಟ್ಟ. ಅವನು ಆ ಕೈಯನ್ನೇ ತುಳಿದು ಹಿಮ್ಮಡಿ ತಿರುವಿದ. ಬೆರಳು ಮುರಿದ ಸದ್ದು ನನಗೆ ಕೇಳಿಸಿತು.

ನನ್ನ ಕೈಗೆ ಸಿಕ್ಕಿದ್ದು ಅವ್ವ ಚಹಾ ತುಂಬಿ ಕೊಟ್ಟಿದ್ದ ಸ್ಟೀಲ್ ಫ್ಲಾಸ್ಕು. ತುಂಬಿತ್ತು, ಭಾರವಿತ್ತು. ಎರಡೂ ಕೈಯಲ್ಲಿ ಎತ್ತಿ ಅವನ ಮುಖದ ನಡುವಿಗೆ ಬೀಸಿದೆ. ಮೂಗು ಒಡೆಯಿತು. ಅವನು ಮುಖ ಮುಚ್ಚಿಕೊಂಡು ಬಗ್ಗಿದಾಗ ಕಿವಿಯ ಮೇಲೆ ಇನ್ನೊಂದು ಕೊಟ್ಟೆ. ಆಳುಗಳು ಮುಂದೆ ಬರುವಷ್ಟರಲ್ಲಿ ನಾಣ್ಯದವರೆಲ್ಲ ಅಡ್ಡ ನಿಂತಿದ್ದರು. ಸಿಟ್ಟಿನಲ್ಲಿ ಹೊಡೆದೆ ಅಂತ ನಾನು ಯಾರಿಗೂ ಹೇಳಿಲ್ಲ. ಎಲ್ಲಿಗೆ ಹೊಡೆಯಬೇಕು ಅಂತ ನೋಡಿಯೇ ಹೊಡೆದೆ.

ಸ್ಟೇಷನ್ನಿನಲ್ಲಿ ಇನ್‌ಸ್ಪೆಕ್ಟರು ಸುಸ್ತಾದವರಂತೆ ಕೂತಿದ್ದರು. "ಎನ್ನಮ್ಮಾ, ಡಿಗ್ರಿ ಪಡಿಚ್ಚ ಪೊಣ್ಣು, ಇಪ್ಪಡಿಯಾ?" ಅಂದರು, ಡಿಗ್ರಿ ಓದಿದ ಹುಡುಗಿ ಹೀಗೆ ಮಾಡುವುದಾ ಅಂತ. ನಾನು ಸೀಳಿದ ತುಟಿ ತೋರಿಸಿದೆ, ಅಪ್ಪನ ಕೈ ತೋರಿಸಿದೆ. ಬ್ಯಾಂಕಿನವರು ಕೇಳಿಸಿಕೊಂಡದ್ದನ್ನೆಲ್ಲ ಹೇಳಿದರು. ಇನ್‌ಸ್ಪೆಕ್ಟರು ವರಹವನ್ನು ಅಂಗೈಯಲ್ಲಿ ತಿರುಗಿಸಿದರು. "ನೆತ್ತಿಕಾಸಾ?" ಅಂದರು. ಹಣೆಕಾಸನ್ನು ತಮಿಳರು ಹಾಗೆನ್ನುತ್ತಾರೆ. ಅದು ಯಾರಿಗೆ ಸೇರಬೇಕು ಅಂತ ಅವರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಎರಡೂ ಕಡೆಯವರು ಕೇಸು ಬೇಡ ಅಂತ ರಾಜಿ ಮಾಡಿಕೊಳ್ಳಿ, ಕಾಸು ತೆಗೆದುಕೊಂಡು ಹೋಗಿ ಅಂದರು.

ಆಗ ಅಪ್ಪ ಬಾಯಿ ತೆರೆದ.

"ಸಾರ್, ಕಾಸು ನಿಮ್ಮತ್ರಾನೇ ಇರ್ಲಿ. ನಂಗ್ ಬ್ಯಾಡ. ನಾನು ಕಳ್ಳ ಅಲ್ಲ ಅಂತ ಅವ್ರ ಬಾಯಲ್ಲಿ ಒಂದ್ಸಲ ಹೇಳ್ಸಿ. ಅದಾದ್ಮೇಲೇ ರಾಜಿ."

"ಅಪ್ಪಾ!" ಅಂದೆ. ಅವನು ನನ್ನ ಕಡೆ ತಿರುಗಲಿಲ್ಲ.

ಇನ್‌ಸ್ಪೆಕ್ಟರು ದೊಡ್ಡಮನೆಯವನನ್ನು ನೋಡಿದರು. ಮೂಗಿಗೆ ಟವೆಲ್ ಒತ್ತಿಕೊಂಡಿದ್ದ ಅವನು ಗೋಡೆ ನೋಡಿದ. ಟವೆಲ್ ಕೆಂಪಾಗಿ ತೊಟ್ಟಿಕ್ಕುತ್ತಿತ್ತು. ಆಸ್ಪತ್ರೆಗೆ ಹೋಗಬೇಕಿತ್ತು, ಹೊರಗೆ ಕಾರು ಕಾಯುತ್ತಿತ್ತು. ಅಪ್ಪ ಕದಲದೆ ನಿಂತಿದ್ದ, ತುಳಿಸಿಕೊಂಡ ಕೈಯನ್ನು ಇನ್ನೊಂದು ಕೈಯಲ್ಲಿ ಎತ್ತಿ ಹಿಡಿದು.

"ಹಣೆಕಾಸೇ ಅದು" ಅಂದ ಅವನು ಕೊನೆಗೆ, ಟವೆಲಿನ ಒಳಗಿಂದ.

"ಕೇಳಿಸ್ಲಿಲ್ಲ ಸ್ವಾಮಿ" ಅಂದ ಅಪ್ಪ.

"ಹಣೆಕಾಸು ಕಣಯ್ಯಾ! ಕದ್ದಿಲ್ಲ! ಸಾಕಾ?"

ಅಷ್ಟು ವರ್ಷ 'ಲಾ' ಅಂದ ಬಾಯಿ 'ಅಯ್ಯಾ' ಅಂದಿತ್ತು. ಇನ್‌ಸ್ಪೆಕ್ಟರು ಕಾಸನ್ನು ಅಪ್ಪನ ಶರ್ಟಿನ ಜೇಬಿಗೆ ತಾವೇ ಹಾಕಿದರು.

ವ್ಯಾಪಾರಿ ಹೊಸ ಡಬ್ಬಿ ಮಾಡಿಸಿಕೊಡುತ್ತೇನೆ ಅಂತ ಈಗಲೂ ಫೋನ್ ಮಾಡುತ್ತಾನೆ. ಅಪ್ಪ ಕೊಡುವುದಿಲ್ಲ, ನಾನೂ ಕೇಳುವುದಿಲ್ಲ.

ಅವತ್ತು ಕೈಗೆ ಪಟ್ಟಿ ಕಟ್ಟಿಸಿಕೊಂಡು ಮನೆಗೆ ಬಂದಾಗ ಅವ್ವ ಬಾಗಿಲಲ್ಲೇ ಎದೆ ಬಡಿದುಕೊಂಡಳು. ನನ್ನ ತುಟಿ ನೋಡಿದಳು, ಅಪ್ಪನ ಕೈ ನೋಡಿದಳು, ಸೊಟ್ಟಗಾದ ಫ್ಲಾಸ್ಕು ನೋಡಿದಳು. ನಡೆದದ್ದನ್ನು ಕೇಳಿ ನನ್ನ ಮೇಲೆ ಹರಿಹಾಯ್ದಳು.

"ಹೊಟ್ಟೆಬಟ್ಟೆ ಕಟ್ಟಿ ಡಿಗ್ರಿ ಓದ್ಸಿದ್ದು ಇದ್ಕೇನಮ್ಮೀ?"

ಅಪ್ಪ ಜಗಲಿಯ ಮೇಲೆ ಕೂತು ಒಳ್ಳೆಯ ಕೈಯಲ್ಲಿ ಗಂಜಿ ಕುಡಿಯುತ್ತಿದ್ದ. ಲೋಟ ಕೆಳಗಿಟ್ಟ.

"ಇದ್ಕೂ ಸೇರ್ಸಿ ಕಣೇ" ಅಂದ. ಆಮೇಲೆ, ಫ್ಲಾಸ್ಕು ಹೇಗೆ ಬೀಸಿದಳು ಅಂತ ಅವ್ವನಿಗೆ ಕೈ ಎತ್ತಿ ತೋರಿಸಲು ಹೋಗಿ, ಪಕ್ಕೆ ನೋವಿಗೆ ಅರ್ಧಕ್ಕೇ ನಿಲ್ಲಿಸಿ, ನೀನೇ ತೋರ್ಸಮ್ಮೀ ಅಂದ.