ಔಸೇಪ್ ಚೇಟನ ಹೆಬ್ಬೆರಳು

ಔಸೇಪ್ ಚೇಟನಿಗೆ ಅಳತೆಪಟ್ಟಿ ಬೇಕಾಗಿರಲಿಲ್ಲ. ಕಾರ್ಬುರೇಟರಿನ ಬಾಯಿಗೆ ಬಲಗೈ ಹೆಬ್ಬೆರಳು ತೂರಿಸಿ, ಕಣ್ಣು ಮುಚ್ಚಿ, ಒಮ್ಮೆ ತಿರುಗಿಸಿ ತೀರ್ಪು ಕೊಟ್ಟುಬಿಡುತ್ತಿದ್ದರು. ಹೆಬ್ಬೆರಳು ಹೊಕ್ಕದಿದ್ದರೆ ಅದು ಬೈಕಿನದು, ಬಿಗಿಯಾಗಿ ಹೊಕ್ಕರೆ ಪಂಪಿನದು, ಒಳಗೆ ಆರಾಮಾಗಿ ಓಡಾಡಿದರೆ ಜೀಪಿನದು. ಆಮೇಲೆ ಅದನ್ನು ತೆಂಗಿನಕಾಯಿ ಕೊಳ್ಳುವವರ ಹಾಗೆ ಕಿವಿಯ ಹತ್ತಿರ ಅಲ್ಲಾಡಿಸಬೇಕು. ಇಷ್ಟೆಲ್ಲ ನಡೆಯುತ್ತಿದ್ದದ್ದು ಕಡಬ ಪೇಟೆಯಲ್ಲಿ, ನನ್ನ ಸ್ಪೇರ್ ಪಾರ್ಟ್ಸ್ ಅಂಗಡಿಯ ಮೆಟ್ಟಿಲ ಮೇಲೆ. ಗಿರಾಕಿಗಳು ಅವರನ್ನು ದಾಟಿಕೊಂಡೇ ಒಳಗೆ ಬರಬೇಕು. ಬೋಣಿಗೆ ಮೊದಲೇ ಬಂದು ಕೂರುತ್ತಿದ್ದ ಆ ಪುಣ್ಯಾತ್ಮ ನನ್ನಲ್ಲಿ ಕೊಂಡದ್ದಕ್ಕಿಂತ ನನ್ನನ್ನು ಬೈದದ್ದೇ ಜಾಸ್ತಿ.

ನಮಗೆಲ್ಲ ಅವರು ‘ಚೇಟ’, ಅಂದರೆ ಮಲಯಾಳದಲ್ಲಿ ಅಣ್ಣ. ಬೈಯುವಾಗಲೂ ನನ್ನನ್ನು ‘ಮೋಳೆ’, ಅಂದರೆ ಮಗಳೇ, ಎಂದೇ ಕರೆಯುತ್ತಿದ್ದರು. "ನಿನಗೆ ಎಂತ ಗೊತ್ತುಂಟು ಮೋಳೆ? ನೀನು ಮಾರುದು, ನಾನು ಬಿಚ್ಚುದು."

ನಮ್ಮ ಕಡೆಯ ಹಳೆಯ ಮೆಕ್ಯಾನಿಕ್‌ಗಳಿಗೆ ಒಂದು ಧರ್ಮವಿದೆ: ಏನು ಕೆಟ್ಟರೂ ಜೀಪಿನದನ್ನು ಹಾಕುವುದು. ಪಂಪಿಗೆ ಜೀಪಿನ ಕಾರ್ಬುರೇಟರ್, ಅಕ್ಕಿ ಗಿರಣಿಗೆ ಜೀಪಿನ ಬೆಲ್ಟು. ಚೇಟ ಆ ಧರ್ಮದ ಪೀಠಾಧಿಪತಿ. ಅವರ ಮನೆಯ ಗ್ರೈಂಡರಿನಲ್ಲೂ ಜೀಪಿನ ಬೇರಿಂಗು ಇತ್ತು. ದೋಸೆ ಹಿಟ್ಟಿಗೆ ಗ್ರೀಸಿನ ವಾಸನೆ ಇರುತ್ತಿತ್ತು.

ಆ ಮನೆ ಇದ್ದದ್ದು ಹೊಳೆಯ ಆಚೆ ದಡದಲ್ಲಿ. ಮಳೆಗಾಲದಲ್ಲಿ ಮುಳುಗು ಸೇತುವೆಯ ಮೇಲೆ ನೀರು ಹತ್ತಿದರೆ ಆಚೆಯವರಿಗೆ ನನ್ನಣ್ಣ ಚಂದ್ರಣ್ಣನ ದೋಣಿಯೇ ಗತಿ. ದೋಣಿಗೆ ಕರಾವಳಿಯಿಂದ ತಂದ ಹಳೆಯ ಪೆಟ್ರೋಲ್ ಎಂಜಿನ್. ಒಂದು ಮಳೆಗಾಲ ಚೇಟನ ಹೆಂಡತಿ ಏಲಿಯಮ್ಮ ಚೇಚಿಗೆ ಎದೆನೋವು ಬಂತು. ಆಸ್ಪತ್ರೆಗೆಂದು ದೋಣಿ ಹತ್ತಿಸಿದರೆ, ಎಂಜಿನ್ ನಡುಹೊಳೆಯಲ್ಲಿ ದಮ್ಮು ಕಟ್ಟಿ ಕೈಚೆಲ್ಲಿತು. ದೋಣಿ ಎಷ್ಟೋ ದೂರ ಕೊಚ್ಚಿಕೊಂಡು ಹೋಗಿ ಬಿದಿರ ಮೆಳೆಗೆ ಸಿಕ್ಕಿ ನಿಂತಿತು. ಚೇಚಿ ಬದುಕಿದ್ದು ದೇವರ ದಯೆ. ಆಸ್ಪತ್ರೆಯ ಜಗಲಿಯಲ್ಲಿ ಚೇಟ ನನ್ನಣ್ಣನಿಗೆ ಹೇಳಿದರು: "ಚಂದ್ರಾ, ಮುಂದಿನ ಮಳೆಗೆ ಈ ಎಂಜಿನ್ ಹೊಳೆಗೆ ಎದುರಾಗಿ ಹತ್ತದಿದ್ರೆ ನಾನು ಸ್ಪ್ಯಾನರ್ ಮುಟ್ಟುದಿಲ್ಲ."

ಬೇಸಿಗೆಯಲ್ಲಿ ಅವರು ಸಂಪಾಜೆ ಕಡೆಯ ಯಾವುದೋ ತೋಟದ ಶೆಡ್ಡಿನಿಂದ, ತುಕ್ಕು ಹಿಡಿದ ವಿದೇಶಿ ಕಾರೊಂದರ ಸೂಪರ್‌ಚಾರ್ಜರ್ ಕಿತ್ತು ಗೋಣಿಯಲ್ಲಿ ಕಟ್ಟಿ ಬಸ್ಸಿನಲ್ಲಿ ತಂದರು. ಕಂಡಕ್ಟರ್ ಹಲಸಿನ ಹಣ್ಣೆಂದುಕೊಂಡಿದ್ದನಂತೆ.

"ಇದು ಎಂತದು ಚೇಟ?"

"ನೀನು ಮದುವೆ ಊಟಕ್ಕೆ ಹೋಗ್ತಿಯಲ್ವಾ? ಸಾಕು ಸಾಕು ಅಂತ ಕೈ ಅಡ್ಡ ಹಿಡಿದ್ರೂ ಹೋಳಿಗೆ ಹಾಕ್ತಾರಲ್ಲ, ಅದೇ ಇದು. ಎಂಜಿನ್ ತಾನಾಗಿ ತಿನ್ನುದು ಸ್ವಲ್ಪ ಗಾಳಿ. ಇದು ಬೆಲ್ಟಿನಲ್ಲಿ ತಿರುಗಿ ಒತ್ತಾಯದಲ್ಲಿ ಬಡಿಸ್ತದೆ. ಆದ್ರೆ ಅನ್ನ ಜಾಸ್ತಿ ಬಡಿಸಿ ಸಾರು ಹಾಕದಿದ್ರೆ ಗಂಟಲಲ್ಲಿ ನಿಲ್ತದೆ. ಪೆಟ್ರೋಲೂ ಹೆಚ್ಚು ಬೇಕು. ದೊಡ್ಡ ಕಾರ್ಬುರೇಟರ್ ಬೇಕು." ಹೆಬ್ಬೆರಳು ಎತ್ತಿ ತೋರಿಸಿದರು. "ಜೀಪಿನದ್ದು."

ನಾನು ಬೇಡವೆಂದೆ. ಜೀಪಿನ ಕಾರ್ಬುರೇಟರ್ ತುಂಬಿದರೆ ಹೊರಗೆ ಸೋರುತ್ತದೆ, ಬೋಟಿನದು ಹಾಗಲ್ಲ, ಉಕ್ಕಿದ ಪೆಟ್ರೋಲು ಎಂಜಿನ್ನಿನ ಬಾಯಿಗೇ ಹೋಗುವ ಹಾಗೆ ಮಾಡಿರುತ್ತಾರೆ, ಮಂಗಳೂರಿನಿಂದ ತರಿಸಿ ಕೊಡುತ್ತೇನೆ ಎಂದೆ.

"ವ್ಯಾಪಾರದ ಬುದ್ಧಿ! ಜೀಪಿನದ್ದು ಸೋರಿದ್ರೆ ಎಂತಾಯ್ತು? ಇಷ್ಟು ವರ್ಷ ಸೋರ್ಲಿಲ್ವಾ? ಯಾವ ಜೀಪು ಸುಟ್ಟುಹೋಗಿದೆ?"

"ಜೀಪಿನದ್ದು ರಸ್ತೆಗೆ ಸೋರುದು ಚೇಟ. ದೋಣಿಯದ್ದು ಎಲ್ಲಿಗೆ ಸೋರುದು?"

"ಹೊಳೆಗೆ!" ಎಂದು ಎದ್ದು ಹೋಗಿ, ಸೂಪರ್‌ಚಾರ್ಜರಿನ ಜೊತೆ ಜೀಪಿನದನ್ನೇ ದೋಣಿಗೆ ಕೂರಿಸಿದರು.

ಮೊದಲ ಮಳೆಗೆ ಹೊಳೆ ಕೆಂಪಾಗಿ ಏರಿದಾಗ ಪರೀಕ್ಷೆ. ಅವರ ಮೇಲೆ ನಂಬಿಕೆಯಿಲ್ಲದ ನಾನು ಅಂಗಡಿಯ ಶಟರ್ ಎಳೆದು ದೋಣಿ ಹತ್ತಿದೆ. ಸುಳ್ಳು ಹೇಳಬಾರದು, ಎಂಜಿನ್ ಹುಲಿಯೇ ಆಗಿತ್ತು. ದೋಣಿ ನೀರಿಗೆ ಎದುರಾಗಿ ಮೂತಿ ಎತ್ತಿ ಹತ್ತಿತು. ಅಣ್ಣ ಕೂಗು ಹಾಕಿದ. ಚೇಟ ಮದುಮಗನ ಹಾಗೆ ಎದ್ದು ನಿಂತು ಎರಡೂ ದಡಕ್ಕೆ ಕೈ ಬೀಸಿದರು. ಆಚೆ ದಡ ಮುಟ್ಟಿ, ತಿರುಗಿ, ಸೊಂಟದಷ್ಟು ನೀರಿರುವ, ದೋಣಿ ನಿಲ್ಲುವ ನಮ್ಮ ಕಡವಿಗೆ ಬರುವಾಗ ನನ್ನ ಕಾಲಿಗೆ ಏನೋ ತಣ್ಣಗೆ ತಾಗಿತು. ಕೂತ ಹಲಗೆಯ ಕೆಳಗೆ ಪೆಟ್ರೋಲು ಕೆರೆಯಾಗಿತ್ತು. ತಲೆ ಎತ್ತಿ ನೋಡಿದರೆ ಚೇಟ ಗೆದ್ದ ಖುಷಿಯಲ್ಲಿ ಬೀಡಿ ಕಚ್ಚಿಕೊಂಡು, ಬೆಂಕಿಪೆಟ್ಟಿಗೆ ತೆರೆದು, ಕಡ್ಡಿ ಹಿಡಿದಿದ್ದಾರೆ.

ಮಾತಿಗೆ ಸಮಯವೆಲ್ಲಿ? ಎರಡೂ ಕೈಯಿಂದ ಎದೆಗೆ ದೂಡಿದೆ. ಚೇಟ ಬೀಡಿ ಸಮೇತ ಹೊಳೆಗೆ ಬಿದ್ದರು. "ಪೆಟ್ರೋಲ್ ಬಂದ್ ಮಾಡಣ್ಣಾ!" ಎಂದು ಕಿರುಚಿದೆ. ಅಣ್ಣ ಎಂಜಿನ್ ನಿಲ್ಲಿಸಿ ಹುಟ್ಟು ಹಾಕಿ ದಡ ಸೇರಿಸಿದ.

"ಎಂಡೆ ಮಾತಾವೇ! ಒಂದು ಕಟ್ಟು ಬೀಡಿ ಹಾಳು ಮಾಡಿದಿಯಲ್ಲ ಮೋಳೆ!" ಎನ್ನುತ್ತ ಚೇಟ ನೀರಿನಿಂದ ಎದ್ದು ಬಂದರು. ನಾನು ದೋಣಿಯ ತಳ ತೋರಿಸಿದೆ. ಬಗ್ಗಿ ಮೂಸಿದರು. ಮುಖ ಬಿಳಚಿತು. ಆದರೂ ಬಾಯಿ ಸೋಲಬೇಕಲ್ಲ! "ಚಂದ್ರನ ದೋಣಿಯ ಹಲಗೆ ಸರಿ ಇಲ್ಲ" ಎಂದರು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

ಮರುದಿನ ಬೆಳಿಗ್ಗೆ ಯಥಾಪ್ರಕಾರ ಮೆಟ್ಟಿಲ ಮೇಲೆ ಹಾಜರ್. "ಮಂಗಳೂರಿನಿಂದ ಬೋಟಿನ ಕಾರ್ಬುರೇಟರ್ ತರಿಸು. ನಾನು ಆವತ್ತೇ ಹೇಳಿದ್ದೆ, ನೀನು ಕೇಳ್ಲಿಲ್ಲ." ನನಗೆ ಮೈಯೆಲ್ಲ ಉರಿಯಿತು. ತರಿಸಿಕೊಟ್ಟೆ. ಬಂದದ್ದರ ಬಾಯಿಗೂ ಹೆಬ್ಬೆರಳು ತೂರಿಸಿ, "ಹ್ಞಾಂ, ಪರವಾಗಿಲ್ಲ" ಎಂದರು. ಅದನ್ನು ಕೂರಿಸಿದ ಮೇಲೆ ದೋಣಿ ಮೊದಲಿನಷ್ಟು ಹಾರಾಡಲಿಲ್ಲ. ಆದರೆ ಎಂಥ ನೆರೆಗೂ ನಡುಹೊಳೆಯಲ್ಲಿ ಕೈಬಿಡಲಿಲ್ಲ. ಬಾಣಂತಿಯರು, ಜ್ವರದವರು, ಹಾಲಿನ ಕ್ಯಾನು, ಎಲ್ಲ ದಾಟಿತು. ಚೇಟ ದೋಣಿ ಹತ್ತುವಾಗ ಮಾತ್ರ ನಾನು ಕೈ ಚಾಚಿದರೆ ಗೊಣಗುತ್ತ ಬೆಂಕಿಪೆಟ್ಟಿಗೆ ಕೊಡುತ್ತಿದ್ದರು. ನಾನಿಲ್ಲದಾಗ ಅಣ್ಣ ಆ ಕೆಲಸ ಮಾಡುತ್ತಿದ್ದ. ಹೊಳೆ ದಾಟುವಷ್ಟು ಹೊತ್ತೂ ಹೊತ್ತಿಸದ ಬೀಡಿ ಕಚ್ಚಿಕೊಂಡು ನನ್ನನ್ನು ಬೈಯುತ್ತಿದ್ದರಂತೆ.

ಈ ವರ್ಷ ಆಟಿ ತಿಂಗಳ ಜಡಿಮಳೆಯಲ್ಲಿ, ಮಧ್ಯಾಹ್ನ ಉಂಡು ಮಲಗಿದ ಚೇಟ ಏಳಲಿಲ್ಲ. ಸೇತುವೆ ಮುಳುಗಿತ್ತು, ಶವಸಂಸ್ಕಾರ ನಡೆಯಬೇಕಾದ ಇಗರ್ಜಿ ಇರುವುದು ಈಚೆ ದಡದಲ್ಲಿ. ಅಣ್ಣನ ಜೊತೆ ನಾನೂ ಆಚೆಗೆ ಹೋದೆ. ಶವಪೆಟ್ಟಿಗೆಯಲ್ಲಿ ಚೇಟ ಇಸ್ತ್ರಿ ಹಾಕಿದ ಬಿಳಿ ಶರ್ಟಿನಲ್ಲಿ, ಗ್ರೀಸೇ ಇಲ್ಲದೆ, ಯಾರದೋ ಮನೆಯ ನೆಂಟರಂತೆ ಮಲಗಿದ್ದರು. ಜೇಬು ಉಬ್ಬಿತ್ತು.

"ಬೀಡಿಯೂ ಬೆಂಕಿಪೆಟ್ಟಿಗೆಯೂ ಇಟ್ಟಿದ್ದೇನೆ ಮೋಳೆ" ಎಂದರು ಏಲಿಯಮ್ಮ ಚೇಚಿ. "ಅಲ್ಲಿ ಹೋಗಿ ಯಾರತ್ರ ಕೇಳುದು ಅವರು?"

ಮುಚ್ಚಳ ಹಾಕದ ಶವಪೆಟ್ಟಿಗೆಯನ್ನು ದೋಣಿಗೆ ಇಳಿಸಿದರು. ಅಣ್ಣ ಎಂಜಿನ್ ಚಾಲೂ ಮಾಡಿದ. ಒಂದೇ ಎಳೆತಕ್ಕೆ ಹಿಡಿಯಿತು. ನಾನು ಬಗ್ಗಿ ಚೇಟನ ಜೇಬಿಗೆ ಕೈ ಹಾಕಿ ಬೆಂಕಿಪೆಟ್ಟಿಗೆ ತೆಗೆದುಕೊಂಡೆ.

"ದಡ ಮುಟ್ಟಿದ ಮೇಲೆ ಕೊಡ್ತೇನೆ ಚೇಟ" ಎಂದೆ.

ಹೊಳೆ ದಾಟುವವರೆಗೂ ಅವರು ನನ್ನನ್ನು ಬೈಯಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ.