ಬಿಳಿ ಹೂವಿನ ಅಲಸಂಡೆಯ ಕುಲ

ಅಲಸಂಡೆ ಬಳ್ಳಿಯೂ ನಮ್ಮ ಹಾಗೆ ತಾಯಿಯ ಕುಲಕ್ಕೆ ಸೇರಿದ್ದೆಂದು ನಾನು ಮೊನ್ನೆ ಮೊನ್ನೆಯವರೆಗೂ ನಂಬಿದ್ದೆ. ನಗಬೇಡಿ, ಐದನೇ ಕ್ಲಾಸಿಗೇ ಪುಸ್ತಕ ಕಟ್ಟಿಟ್ಟವಳು ನಾನು. ನಮ್ಮಲ್ಲಿ ಬರಿ, ಅಂದರೆ ಕುಲ, ಮಕ್ಕಳಿಗೆ ಬರುವುದು ತಾಯಿಯಿಂದ. ಮನುಷ್ಯರಿಗೇ ಇಷ್ಟು ಕಟ್ಟುನಿಟ್ಟು ಇರುವಾಗ ತರಕಾರಿಗೆ ಬೇರೆ ಕಾನೂನು ಇರಬಹುದೆಂದು ಯಾರು ಎಣಿಸುತ್ತಾರೆ?

ಮೂಡುಬಿದಿರೆಯ ತವರಿನಿಂದ ಬಂಟ್ವಾಳಕ್ಕೆ ಮದುವೆಯಾಗಿ ಬರುವಾಗ ಅಮ್ಮ ಸೆರಗಿನಲ್ಲಿ ಕಟ್ಟಿಕೊಟ್ಟದ್ದು ಬಿಳಿ ಹೂವಿನ ಅಲಸಂಡೆ ಬೀಜ. ನಮ್ಮ ನೆರೆಕರೆಯಲ್ಲಿ ಇದ್ದದ್ದೆಲ್ಲ ನೇರಳೆ ಹೂವಿನದ್ದು. ಅಂದಿನಿಂದ ಪ್ರತಿ ವರ್ಷ ಬಿತ್ತಿ, ಬೀಜ ಉಳಿಸಿಕೊಂಡು ಬಂದಿದ್ದೆ. ಹೋದ ವರ್ಷ ಡಬ್ಬಿ ತೆರೆದರೆ ಅಮ್ಮನ ಬೀಜಕ್ಕೆ ಹುಳ ಹಿಡಿದಿತ್ತು. ಆರಿಸಿ ಬಿತ್ತಿದ್ದರಲ್ಲಿ ಮೊಳೆತದ್ದು ಒಂದೇ ಬಳ್ಳಿ.

ಅದರ ಮೇಲೆಯೇ ಮೊಮ್ಮಗಳು ದೀಕ್ಷಾಳ ಕಣ್ಣು ಬಿತ್ತು. ಗುರುವಾಯನಕೆರೆಯಲ್ಲಿ ಕಾಲೇಜು ಓದುವವಳು, ಪಾಠದಲ್ಲಿ ಇದ್ದದ್ದನ್ನು ಮಾಡಿ ನೋಡುವ ಉಮೇದು. ಒಂದು ಬಿಳಿ ಮೊಗ್ಗನ್ನು ಬಳ್ಳಿಯಲ್ಲೇ ತೆರೆದು, ಕೇಸರ ಕಿತ್ತು, ನೇರಳೆ ಹೂವಿನ ಹುಡಿ ಸವರಿ, ಬಟ್ಟೆಯ ಚೀಲ ತೊಡಿಸಿದಳು. ತಾಯಿ ಬಿಳಿಯಾದರೆ ಮಕ್ಕಳೂ ಬಿಳಿ ಎಂಬ ಧೈರ್ಯದಲ್ಲಿ ನಾನು ಸುಮ್ಮನಿದ್ದೆ. ಆಮೇಲೆ ನವಿಲುಗಳು ಬಂದು ಉಳಿದ ಹೂವು, ಎಳೆಕಾಯಿ ಎಲ್ಲ ಕುಕ್ಕಿ ತಿಂದವು. ಉಳಿದದ್ದು ಆ ಚೀಲದೊಳಗಿನ ಒಂದೇ ಕಾಯಿ.

ಅದರ ಬೀಜ ಬಿತ್ತಿದೆವು. ಒಂದೂ ತಪ್ಪದೆ ಎಲ್ಲ ಬಳ್ಳಿಯಲ್ಲೂ ನೇರಳೆ ಹೂವು!

"ಅಮ್ಮನ ಬೀಜವನ್ನು ನಿರ್ನಾಮ ಮಾಡಿದೆಯಲ್ಲ ಮಾರಾಯ್ತಿ! ತಾಯಿಯ ಬರಿ ಎಲ್ಲಿ ಹೋಯಿತು?"

"ಅಲಸಂಡೆಗೆ ಎಂಥ ಬರಿ ಅಜ್ಜಿ? ಅಪ್ಪನದ್ದೂ ಬರ್ತದೆ, ಅಮ್ಮನದ್ದೂ ಬರ್ತದೆ. ನೇರಳೆ ಸ್ವಲ್ಪ ಜೋರಿನದ್ದು, ಎದುರು ನಿಲ್ತದೆ. ಬಿಳಿ ಒಳಗೆ ಉಂಟು. ಇದರ ಬೀಜ ಇನ್ನೊಮ್ಮೆ ಹಾಕುವ."

"ಒಳಗೆ ಉಂಟೆಂದು ನೀನು ಹೊಕ್ಕು ನೋಡಿದ್ದೀಯಾ?"

"ಇಲ್ಲ. ಬಾರದಿದ್ರೆ ನಿಮ್ಮ ಬೈಗಳು ಉಂಟಲ್ಲ, ತಿಂತೇನೆ."

ಪುನಃ ಬಿತ್ತಿದೆವು. ಅಷ್ಟು ದಿನವೂ ನಾನು ಅವಳೊಡನೆ ಆಡಿದ್ದು ಅರ್ಧ ಮಾತು. ಮೊದಲು ಅರಳಿದ್ದೆಲ್ಲ ನೇರಳೆಯೇ. ಬೈಗಳನ್ನು ನಾನು ಆರಿಸಿಟ್ಟುಕೊಂಡಾಗಿತ್ತು. ಮೊನ್ನೆ ಬೆಳಿಗ್ಗೆ ನೋಡುತ್ತೇನೆ, ಚಪ್ಪರದ ಮೂಲೆಯ ಎರಡು ಬಳ್ಳಿಗಳಲ್ಲಿ ಹಾಲಿನಂಥ ಬಿಳಿ ಹೂವು! ನಾನು ಹಾಕಿದ ಬೊಬ್ಬೆಗೆ ಪಕ್ಕದ ಮನೆಯವರು ಹಾವು ಬಂತೆಂದು ದೊಣ್ಣೆ ಹಿಡಿದುಕೊಂಡು ಬಂದರು. ಅವರಿಗೆ ಹೂವು ತೋರಿಸಿದೆ. ಪಾಪ, ದೊಣ್ಣೆ ಕೆಳಗಿಟ್ಟು ನೋಡಿದರು.

ಬಿಳಿಯ ಬೀಜದಿಂದ ಇನ್ನು ಬಿಳಿಯೇ ಬರುವುದಂತೆ. ಆ ಎರಡು ಬಳ್ಳಿಯ ಒಂದು ಕಾಯಿಯನ್ನೂ ಪಲ್ಯಕ್ಕೆ ಕೊಯ್ಯುವುದಿಲ್ಲ. ಬಲಿತ ಮೇಲೆ ಬೀಜವೆಲ್ಲ ದೀಕ್ಷಾಳಿಗೆ. ಅವಳು ನನ್ನ ಮಗನ ಮಗಳು, ಬರಿಯ ಪ್ರಕಾರ ಸೊಸೆಯ ಕಡೆಯವಳು. ಇರಲಿ. ನನ್ನದೂ ಅವಳೊಳಗೆ ಎಲ್ಲೋ ಇರಲೇಬೇಕು. ಆ ಸಂಜೆ ಕಾಲೇಜಿನಿಂದ ಬಂದು ಬಿಳಿ ಹೂವು ಕಂಡಾಗ ಅವಳು ಹಾಕಿದ ಬೊಬ್ಬೆ ನನ್ನದಕ್ಕಿಂತ ಜೋರಾಗಿತ್ತು.