ಗಂಟು ಹಾಕದೆ ಉಳಿಸಿದ ಕೋಟು

ನನ್ನ ಗೆಳತಿ ಸೋಮವಾರ ಬೆಳಿಗ್ಗೆ ತೀರಿಕೊಂಡಳು. ಬಟ್ಟೆ ಹೊಲಿಯುವುದು ಅವಳ ಕಸುಬು. ಬೀದಿಯವರೆಲ್ಲ ಅವಳನ್ನು ಸೂಜಕ್ಕ ಎನ್ನುತ್ತಿದ್ದರು. ವರ್ಷಕ್ಕೊಂದು ತಿಂಗಳು ಅಂಗಡಿಗೆ ಬೀಗ ಜಡಿದು, ಬೆನ್ನಿಗೊಂದು ಚೀಲ ಏರಿಸಿಕೊಂಡು, ಪ್ರವಾಸಿಗರು ಅಷ್ಟಾಗಿ ಹೋಗದ ದೇಶಗಳಿಗೆ ಒಬ್ಬಳೇ ಹೊರಡುತ್ತಿದ್ದಳು. ಭಾಷೆ ಬಾರದ ಊರಿನಲ್ಲಿ ಯಾರದೋ ಮನೆಯ ಮೆಟ್ಟಿಲ ಮೇಲೆ ಕೂತು ಹರಿದದ್ದನ್ನು ಹೊಲಿದುಕೊಡುವಳು. ಕೊನೆಯ ಗಂಟನ್ನು ಮಾತ್ರ ಬಟ್ಟೆ ಕೊಟ್ಟವರ ಕೈಯಲ್ಲೇ ಹಾಕಿಸುವಳು. ಅಷ್ಟರಲ್ಲಿ ಸ್ನೇಹ ಬೆಳೆದಿರುತ್ತಿತ್ತು.

ಹೋದ ವರ್ಷ ಗುಡ್ಡದೂರಿನ ಒಬ್ಬ ಅಜ್ಜಿ, ತೀರಿಹೋದ ಮಗನ, ತೋಳು ಹರಿದ ಕೋಟನ್ನು ಹೊಲಿಯಲು ಕೊಟ್ಟಳು. ಊರು ಬಿಡುವ ದಿನ, ತೋಳು ಮುಗಿಸಿಯೇ ಕೊಡೋಣವೆಂದು ಇವಳು ನಿಂತ ಬಸ್ಸಿನೊಳಗೂ ಹೊಲಿಯುತ್ತ ಕೂತಿದ್ದಳು. ತಲೆಯೆತ್ತಿದಾಗ ಬಸ್ಸು ಎರಡು ಗುಡ್ಡ ದಾಟಿತ್ತು. ಅಂದೇ ವಿಮಾನವಿದ್ದುದರಿಂದ ಮರಳಲಾಗಲಿಲ್ಲ. ಈ ವರ್ಷ ಹೋಗಿ ಕೊಟ್ಟು ಬರುವೆನೆಂದಿದ್ದಳು, ಕಾಯಿಲೆ ಬಿಡಲಿಲ್ಲ.

ಭಾನುವಾರ ಆಸ್ಪತ್ರೆಯಲ್ಲಿ ಆ ಕೋಟು ಅವಳ ಮಡಿಲಲ್ಲಿತ್ತು.

“ನನ್ನನ್ನ ಕಳ್ಳಿ ಅಂದ್ಕೊಂಡಿರ್ತಾರೆ ಕಣೇ ಆ ಅಜ್ಜಿ. ನೀನು ಹೋಗಿ ಕೊಟ್ಟು ಬರ್ತೀಯಾ?”

“ಪಕ್ಕದ ಬೀದಿಗೆ ಹೋದ್ರೇ ದಾರಿ ತಪ್ಪೋಳು ನಾನು!”

“ತಪ್ಪಿದ್ರೆ ಯಾರಾದ್ರೂ ಕೂರಿಸ್ಕೊಂಡು ಊಟ ಹಾಕ್ತಾರೆ, ಹೋಗೇ.”

“ಆಯ್ತು, ಹೋಗ್ತೀನಿ” ಎಂದೆ.

ಆಮೇಲೆ ಅವಳು ನಿಧಾನವಾಗಿ ತೋಳಿನ ಹೊಲಿಗೆ ಮುಗಿಸಿದಳು. ನಾನು ಕತ್ತರಿ ಕೊಡಹೋದೆ. ಬೇಡವೆಂದು ತಲೆಯಾಡಿಸಿ, ಗೇಣುದ್ದ ದಾರ ಉಳಿಸಿ, ಸೂಜಿಯನ್ನು ತೋಳಿನ ಅಂಚಿಗೆ ಚುಚ್ಚಿ, ಕೋಟನ್ನು ಮಡಿಸಿ ನನ್ನ ಕೈಗಿಟ್ಟಳು.